ನಾಲ್ಕು ಮನೆ

ಮೊದಲ ದಿನ ಅದು ಅಚ್ಚು ಹಾಕಿದ್ದು ಹೀಗೆ:
೧೭.೨೦೮೩೩೩೩೩೩೩೩೩೩೩೨
ಕಾಗದದ ಅಂಚು ದಾಟಿ ಕೆಳಗಿನ ಸಾಲಿಗೆ ಜಾರಿ,
ಮೂರರ ಬೆನ್ನಿಗೆ ಮೂರು, ಅದರ ಬೆನ್ನಿಗೆ ಮತ್ತೆ ಮೂರು,
ಕೊನೆಗೆ ಎಲ್ಲಿಂದಲೋ ಬಂದು ಕೂತ ಒಂದು ಎರಡು.

ಬೋತ್ನಿಯಾ ಕೊಲ್ಲಿಯ ಮಂಜುಗಡ್ಡೆಗೆ ಹನ್ನೆರಡು ತೂತು ಕೊರೆದು
ಬೆರಳು ಮರಗಟ್ಟಿಸಿಕೊಂಡು ಕೋಲಿಳಿಸಿ ಅಳೆದವಳು ನಾನು.
ಅರ್ಧ ಸೆಂಟಿಮೀಟರಿಗಿಂತ ಸಣ್ಣದು ನನ್ನ ಕೋಲಿಗೆ ಗೊತ್ತೇ ಇಲ್ಲ.
ಈ ಬಾಲ ನನ್ನದಲ್ಲ.

ರಸ್ತೆ ಕಚೇರಿಯ ಕ್ಯೋಸ್ತಿ ಕನ್ನಡಕ ಹಣೆಗೇರಿಸಿ ಕೇಳಿದ:
"ಇಷ್ಟುದ್ದ ಯಾರಿಗೆ? ಮೀನಿಗಾ?"

ಕೂತು ಬರೆದೆ. ಒಟ್ಟು ನಾಲ್ಕು ಮನೆ, ಕೊನೆಯ ಒಂದೇ ಮನೆ ದಶಾಂಶಕ್ಕೆ.
ಯಂತ್ರವಿಟ್ಟ ಚುಕ್ಕೆ ತೆಗೆದು ಅಲ್ಪವಿರಾಮ ಇಟ್ಟೆ, ಇಲ್ಲಿನ ರೂಢಿ.
ಚುಕ್ಕೆ ಅಂದರೆ ಮಾತು ಮುಗಿಯಿತು;
ಅಲ್ಪವಿರಾಮ ಅಂದರೆ ಉಸಿರು ಹಿಡಿ, ಇನ್ನೂ ಇದೆ.

ಅಲ್ಲಿಂದ ಕಾಗದಕ್ಕೆ ಶಿಸ್ತು ಬಂತು.
೧೭,೨
೨೩,೮
೩೧,೫
ಅಲ್ಪವಿರಾಮದ ಕೆಳಗೆ ಅಲ್ಪವಿರಾಮ,
ರಸ್ತೆಯಂಚಿಗೆ ನಾವು ಮಂಜಿನಲ್ಲಿ ನೆಟ್ಟ ಸ್ಪ್ರೂಸ್ ಟೊಂಗೆಗಳ ಹಾಗೆ,
ದಡದಿಂದ ದ್ವೀಪದವರೆಗೆ, ಏಳು ಕಿಲೋಮೀಟರು.
ಗಾಳಿಯೆದ್ದು ಮೇಲು ಕೆಳಗು ಒಂದೇ ಬಿಳಿಯಾದಾಗ
ಚಾಲಕರು ನಂಬುವುದು ಅದನ್ನೇ, ಟೊಂಗೆಯಿಂದ ಟೊಂಗೆಗೆ.

ನಲವತ್ತಾದರೆ ಲಾರಿ ಬಿಡಬಹುದು.
ಮಂಗಳವಾರ, ಹೊತ್ತು ಹುಟ್ಟಲು ಇನ್ನೂ ಎರಡು ಗಂಟೆ ಇರುವಾಗ,
ದಡದ ಗೂಡಿನಲ್ಲಿ ಪ್ರಿಂಟರು ಕೆಮ್ಮಿ ಕೊಟ್ಟಿತು:
೪೦,೦ ರಸ್ತೆ ಮುಚ್ಚಿದೆ

ತೌನೊ ಲಾರಿಯಿಂದಿಳಿದು ಬಂದ. ಹಿಂದೆ ಹಿಲ್ಕಳ ಕುರಿಗಳಿಗೆ ಹುಲ್ಲು,
ಮತ್ತೆ, ನಗಬೇಡಿ, ಒಂದು ಫ್ರೀಜರು,
ಹೆಪ್ಪುಗಟ್ಟಿದ ಸಮುದ್ರ ದಾಟಿಸಿ ತಲುಪಿಸಬೇಕಾದ್ದು.
ಕೈಗವಸು ಕಳಚಿ, ಬೆರಳಿಟ್ಟು ಓದಿದ, ಎರಡು ಸಲ.
"ಸಿರ್ಕ, ನಲವತ್ತು ಬೇಕು ಅಂದವರು ನೀವು.
ನಲವತ್ತಿದೆ ಅನ್ನುವವರೂ ನೀವೇ.
ಮುಚ್ಚಿದೆ ಅನ್ನುವವರು ಯಾರು?"

ಒಳಗಿರುವುದು ಮೂವತ್ತೊಂಬತ್ತು ಚಿಲ್ಲರೆ, ಅಂದೆ.
ಮೂವತ್ತೊಂಬತ್ತರಾಚೆ ಒಂಬತ್ತು, ಐದು, ಎಂಟು, ಆಮೇಲೆ ಬರೀ ಮೂರು.
ನಿಯಮಕ್ಕೆ ಹೋಲಿಸಿದ್ದು ಅದನ್ನು.
ಕಾಗದಕ್ಕೆ ಬರುವಾಗ ಒಂದಂಕೆಗೆ ದುಂಡಾಗಿ...
"ಅಂದರೆ ಯಂತ್ರಕ್ಕೊಂದು ಸತ್ಯ, ನನಗೊಂದು."

ಬೈದಿದ್ದರೆ ಮರೆಯುತ್ತಿದ್ದೆ.
ಕೂದಲೆಳೆಯಷ್ಟು ವ್ಯತ್ಯಾಸ ಮಾರಾಯ, ಅನ್ನಲು ಹೋಗಿ ತಡೆದೆ.
ಅವನಪ್ಪ ಹಾರೆಯಿಂದ ಮೂರು ಸಲ ಕುಟ್ಟಿ ಕಿವಿಗೊಡುತ್ತಿದ್ದನಂತೆ,
ಗಟ್ಟಿಯಿದ್ದರೆ ಒಂದು ದನಿ, ಟೊಳ್ಳಿದ್ದರೆ ಇನ್ನೊಂದು.
ಆ ದನಿಗೆ ದಶಾಂಶ ಇರಲಿಲ್ಲ.
ಒಂದು ಮಾರ್ಚಿನಲ್ಲಿ ಕಿವಿ ತಪ್ಪಿತು:
ಕುದುರೆ ಹೋಯಿತು, ಅಪ್ಪ ಮನೆಗೆ ಬಂದ, ಕೈಯಲ್ಲಿ ಲಗಾಮು.

ಅವನು ಕಾಫಿ ಕುಡಿಯುತ್ತಿರುವಾಗಲೇ ತಿದ್ದಿದೆ.
ದುಂಡು ಮಾಡಬೇಡ, ಕತ್ತರಿಸು. ಮೇಲಕ್ಕೆ ಎಂದೂ ಬೇಡ.
೩೯,೯ ರಸ್ತೆ ಮುಚ್ಚಿದೆ
ಲೆಕ್ಕ ಹಾಕಿ ನೋಡಿದರೆ ಇದು
ಮೊದಲಿನದಕ್ಕಿಂತ ದೊಡ್ಡ ಸುಳ್ಳು,
ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ.
ಆದರೆ ಮುಳುಗಿಸದ ಸುಳ್ಳು.
ತೌನೊ ಹಾಳೆ ಹರಿದು ಮಡಚಿ, ಟೋಪಿಯೊಳಗೆ ಸಿಕ್ಕಿಸಿಕೊಂಡ,
ಒಪ್ಪಿದನೋ ಇಲ್ಲವೋ ಹೇಳಲಿಲ್ಲ.
ಗುರುವಾರ ೪೦,೩. ಫ್ರೀಜರು ಹೋಯಿತು.

ಏಪ್ರಿಲಿನಲ್ಲಿ ಟೊಂಗೆಗಳು ವಾಲಿದವು,
ಬುಡದ ನೀರಿಗೆ ಒರಗಿ, ಒಂದೊಂದೇ ತೇಲಿ ಹೋದವು.
ಕೊನೆಯ ಸಲ ಅಳೆಯಲು ಹೋದಾಗ
ಜೊತೆಗೊಂದು ದೋಣಿ ಎಳೆದುಕೊಂಡು ಹೋಗಿದ್ದೆವು.
ಕಾಗದದಲ್ಲಿ ಮಾತ್ರ ಅಲ್ಪವಿರಾಮಗಳು ಅಲುಗಲಿಲ್ಲ.
೨೨,೬
೧೪,೧
 ೯,೪
ಹತ್ತರ ಮನೆ ಖಾಲಿ.
ಬಿಟ್ಟುಹೋದದ್ದಲ್ಲ ಅದು.
ನಾಲ್ಕು ಮನೆ ಅಂತ ಚಳಿ ಶುರುವಾಗುವಾಗಲೇ ಹೇಳಿಟ್ಟಿದ್ದೆನಲ್ಲ,
ಅಂಕೆ ಇಲ್ಲದ ಕಡೆ ಬಿಳಿ ಇಡು ಅಂತ.
ಆ ಖಾಲಿಯೂ ನಾನು ಬರೆದದ್ದೇ.